ಡಬ್ಬಿ ಕಂಡವರ ಲೆಕ್ಕ

ಕೌಂಟರ್ ಹಾಕಿಕೊಂಡವರಿಗೆಲ್ಲ ಗೊತ್ತು, ಅದನ್ನು ನೋಡುವ ಚಟ ಬೇಗ ಬಿಡುವುದಿಲ್ಲ. 2005ರ ನವೆಂಬರಿನಲ್ಲಿ ಗೂಗಲ್ ಅನಲಿಟಿಕ್ಸ್ ಪುಕ್ಕಟೆ ಸಿಕ್ಕಿದ ಮೇಲಂತೂ ಯಾರು ಯಾವ ಬ್ರೌಸರಿನಿಂದ, ಯಾವ ವಿಂಡೋಸಿನಿಂದ ಬಂದರು ಅನ್ನುವುದೂ ಕಾಣತೊಡಗಿತು. ಇಂಗ್ಲಿಷ್ ಸೈಟಿನವರಿಗೆ ಇದು ಸುಲಭದ ಲೆಕ್ಕ. ಯಾವುದಾದರೂ ಹಳೆಯ ಬ್ರೌಸರಿನಿಂದ ಬರುವವರು ಕಡಿಮೆಯಾದರೆ ಅದಕ್ಕಾಗಿ ಒದ್ದಾಡುವುದನ್ನು ಬಿಟ್ಟರಾಯಿತು.

ಕನ್ನಡದಲ್ಲಿ ಈ ಲೆಕ್ಕ ಕೈಕೊಡುತ್ತಿತ್ತು. 2001ರ ಎಕ್ಸ್‌ಪಿಯಲ್ಲಿ ತುಂಗಾ ಫಾಂಟೇನೋ ಬಂತು. ಆದರೆ ಒತ್ತಕ್ಷರ ಸರಿಯಾಗಿ ಕೂರಬೇಕಾದರೆ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಭಾಷೆಯ ಸೆಟ್ಟಿಂಗಿನಲ್ಲಿ ಟಿಕ್ ಹಾಕಿ, ಎಕ್ಸ್‌ಪಿ ಸಿಡಿ ತುರುಕಬೇಕಿತ್ತು. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಸೈಬರ್ ಕೆಫೆಯಲ್ಲಿ ಅರ್ಧ ಗಂಟೆ ಕೂತವನು ಸಿಡಿ ಎಲ್ಲಿಂದ ತರಬೇಕು ಸ್ವಾಮಿ? ಟಿಕ್ ಹಾಕಿದ ಕಂಪ್ಯೂಟರೂ ಹಾಕದ್ದೂ ತಮ್ಮ ಗುರುತು ಹೇಳುತ್ತಿದ್ದುದು ಒಂದೇ: 'ವಿಂಡೋಸ್ ಎನ್‌ಟಿ 5.1'. ಪೂರ್ತಿ ಓದಿದವನೂ ಒಂದು ಹಿಟ್ಟು, ಡಬ್ಬಿ ನೋಡಿ ಓಡಿದವನೂ ಒಂದು ಹಿಟ್ಟು!

ಲಿನಕ್ಸಿನದು ಇನ್ನೊಂದು ಕತೆ. 2008ರ ಜೂನಿನಲ್ಲಿ ಫೈರ್‌ಫಾಕ್ಸ್ 3 ಬರುವ ತನಕ ಮೊಜಿಲ್ಲಾದವರೇ ಕೊಡುತ್ತಿದ್ದ ಲಿನಕ್ಸ್ ಆವೃತ್ತಿಯಲ್ಲಿ ಕನ್ನಡ ಒಡೆದೇ ಕಾಣುತ್ತಿತ್ತು. ಒಡೆದ ಅಕ್ಷರ ಓದಲು ಯಾರು ಮತ್ತೆ ಬರುತ್ತಾರೆ? ಹಾಗಿರುವಾಗ 'ಲಿನಕ್ಸಿನವರು ಬರುವುದೇ ಇಲ್ಲ, ಬಿಡಿ' ಅಂದರೆ ಬಾಗಿಲು ಹಾಕಿಕೊಂಡು ನೆಂಟರು ಬರಲಿಲ್ಲ ಅಂದ ಹಾಗೆ.

ಮೊಬೈಲಿನಲ್ಲೂ ಅಷ್ಟೇ. ಒಪೆರಾ ಮಿನಿಯ ಸೆಟ್ಟಿಂಗ್ ಬದಲಿಸಿ, ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಂಡು ಓದಿದವರಿದ್ದಾರೆ. ಆಂಡ್ರಾಯ್ಡಿಗೆ ಕನ್ನಡ ಬಂದದ್ದು 2012ರ 4.1ರಲ್ಲಿ.

ನನ್ನ ಪ್ರಕಾರ ಆಗ ನಂಬಬಹುದಾಗಿದ್ದ ಅಂಕಿ ಒಂದೇ, 'ಕನ್ನಡ ಕಾಣುತ್ತಿಲ್ಲವೇ?' ಅನ್ನುವ ಕೊಂಡಿಯನ್ನು ಎಷ್ಟು ಜನ ಒತ್ತಿದರು ಅನ್ನುವುದು. ಆ ಸಾಲನ್ನು ಮಾತ್ರ ಇಂಗ್ಲಿಷಿನಲ್ಲೇ ಬರೆಯಬೇಕಿತ್ತು :)