ಹಂಡೆಯಿಂದ ಶವರಿಗೆ, ಶವರಿನಿಂದ ಮತ್ತೆ ಬಕೆಟ್ಟಿಗೆ

ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕಟ್ಟಲು ಹೊರಟವರನ್ನು ನಕ್ಷೆ ಬರೆಯುವವರು ಈಗೀಗ ಕೇಳುವ ಒಂದು ಪ್ರಶ್ನೆಯಿದೆ: ದೊಡ್ಡ ಬಾತ್‌ರೂಮಿಗೆ ಟಬ್ ಇಡೋಣವೋ, ಶವರ್ ಸಾಕೋ? ಪಶ್ಚಿಮ ಬೆಂಗಳೂರಿನ ಜ್ಞಾನಭಾರತಿಯ ಸುತ್ತಿನ ಮಲ್ಲತ್ತಹಳ್ಳಿ, ನಾಗರಬಾವಿ, ಉಲ್ಲಾಳು, ವಿಶ್ವೇಶ್ವರಯ್ಯ ಬಡಾವಣೆಗಳಲ್ಲಿ ಈ ಮಾತು ಬರುವಾಗ ಬಕೆಟ್ಟಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಗೃಹಪ್ರವೇಶವಾಗಿ ತಿಂಗಳು ಕಳೆಯುವಷ್ಟರಲ್ಲಿ ನೋಡಿ, ಶವರಿನ ಕೆಳಗೇ ಒಂದು ಬಕೆಟ್ಟು, ಅದರೊಳಗೆ ತೇಲುವ ಚೊಂಬೋ ಮಗ್ಗೋ ಬಂದು ಕೂತಿರುತ್ತದೆ. ಇದನ್ನು ಹಳೆಯ ಚಾಳಿ ಎಂದು ನಕ್ಕು ಬಿಡುವುದು ಸುಲಭ. ನೂರೈವತ್ತು ವರ್ಷಗಳಲ್ಲಿ ಈ ಊರಿಗೆ ನೀರು ಎಲ್ಲಿಂದ ಬಂತು, ಬಿಸಿ ಹೇಗೆ ಬಂತು ಎಂದು ನೋಡಿದರೆ ಬಕೆಟ್ಟು ಉಳಿದದ್ದಕ್ಕೆ ಕಾರಣ ಸಿಗುತ್ತದೆ.

ಸ್ನಾನವನ್ನು ಸುಖವೆಂದು ಬಗೆದ ಪರಂಪರೆ ಕನ್ನಡ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸನ ಭೋಗಗಳ ಸಾಲಿಗೆ ಸ್ನಾನವನ್ನೂ ಸೇರಿಸಿ ಬರೆದ. ಬೀದರಿನ ಕೋಟೆಯೊಳಗೆ ಶಾಹಿ ಹಮಾಮು ಇದೆ, ಹಂಪಿಯಲ್ಲಿ ರಾಣಿಯರ ಸ್ನಾನಗೃಹವಿದೆ. ಇವೆಲ್ಲ ಅರಮನೆಯ ಮಾತು. ನೀರು ಹೊರುವ ಆಳು, ಕಾಯಿಸುವ ಆಳು ಇದ್ದವರಿಗೆ ಮೈ ಮುಳುಗಿಸಿ ಕೂರುವ ಸ್ನಾನ ಸಾಧ್ಯವಾಯಿತು. ದಂಡು ಪ್ರದೇಶದ ಬಂಗಲೆಗಳಲ್ಲಿ ಬ್ರಿಟಿಷರ ತಗಡಿನ ತೊಟ್ಟಿಯೂ ಇದೇ ನೆರವಿನಿಂದ ತುಂಬುತ್ತಿತ್ತು.

ಮಿಕ್ಕವರದು ಬಚ್ಚಲುಮನೆ. ಗೋಡೆಗೆ ಹುದುಗಿದ ಒಲೆ, ಅದರ ಮೇಲೆ ತಾಮ್ರದ ಹಂಡೆ, ಪಕ್ಕದಲ್ಲಿ ತಣ್ಣೀರಿನ ತೊಟ್ಟಿ, ಕೂರಲು ಕಲ್ಲು ಅಥವಾ ಮಣೆ. ತೆಂಗಿನ ಗರಿ, ಕರಟ, ಸೌದೆ, ಯಾವುದು ಸಿಕ್ಕರೆ ಅದರ ಉರಿ. ಒಂದು ಹಂಡೆ ಕಾದರೆ ಮನೆಮಂದಿಗೆಲ್ಲ ಸಾಕು. ಕುದಿನೀರನ್ನು ಬೆರಕೆ ಮಾಡಿಕೊಂಡು ಎರೆದುಕೊಳ್ಳಬೇಕು. ಈ ವ್ಯವಸ್ಥೆಯ ಗೌರವ ಗೊತ್ತಾಗುವುದು ದೀಪಾವಳಿಯ ನೀರು ತುಂಬುವ ಹಬ್ಬದಲ್ಲಿ. ಹಂಡೆಯ ಮಸಿ ತಿಕ್ಕಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡಲೆಕಾಯಿಯ ಬಳ್ಳಿ ಸುತ್ತಿ, ಪೂಜೆ ಮಾಡಿ ನೀರು ತುಂಬುತ್ತಾರೆ. ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿ ತಿಕ್ಕಿ, ಸೀಗೆಪುಡಿ, ಕಡಲೆಹಿಟ್ಟು ಹಾಕಿ ಒಬ್ಬೊಬ್ಬರಿಗೂ ನೀರು ಹೊಯ್ಯುತ್ತಾರೆ. ಶವರಿನ ಕೆಳಗೆ ನಿಂತು ಸೀಗೆಪುಡಿ ತೊಳೆದುಕೊಳ್ಳಲು ಯತ್ನಿಸಿದವರಿಗೆ ಗೊತ್ತು, ಎಣ್ಣೆ ಬಿಡುವುದು ಚೊಂಬಿನಿಂದ ಒಮ್ಮೆಗೇ ಬೀಳುವ ಬಿಸಿನೀರಿಗೆ.

ಕೊಳಾಯಿ ಬಂದದ್ದು 1890ರ ದಶಕದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ. ಅದೇ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಚಾಮರಾಜಸಾಗರ 1933ರದು. ಆದರೆ ಕೊಳಾಯಿಯಿಂದ ಸ್ನಾನದ ರೀತಿ ಬದಲಾಗಲಿಲ್ಲ. ನೀರು ಸೇದುವ ಕೆಲಸ ಕಡಿಮೆಯಾಯಿತು, ಅಷ್ಟೇ. ತುಂಬಿಸುತ್ತಿದ್ದುದು ಅದೇ ಹಂಡೆಯನ್ನು. ನಿಜವಾಗಿ ಬದಲಾದದ್ದು ಮೈಗೆ ಹಚ್ಚುವ ವಸ್ತು. ಒಂದನೆಯ ಮಹಾಯುದ್ಧದಲ್ಲಿ ಶ್ರೀಗಂಧ ಹೊರದೇಶಕ್ಕೆ ಹೋಗದೆ ಉಳಿದಾಗ ನಾಲ್ವಡಿ ಕೃಷ್ಣರಾಜ ಒಡೆಯರ್ 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ತೆರೆಸಿದರು. ಅದರ ಬೆನ್ನಿಗೆ ಮೈಸೂರು ಸ್ಯಾಂಡಲ್ ಸೋಪು ಬಂತು. ಸೋಪಿನ ಕಾರ್ಖಾನೆ ಕೊನೆಗೆ ನೆಲೆನಿಂತದ್ದು ಪಶ್ಚಿಮ ಬೆಂಗಳೂರಿನಲ್ಲೇ, ರಾಜಾಜಿನಗರದ ಕೈಗಾರಿಕಾ ಉಪನಗರದಲ್ಲಿ. ಕಡಲೆಹಿಟ್ಟು ದಿನನಿತ್ಯದಿಂದ ಜಾರಿ ಹಬ್ಬಕ್ಕೆ ಸೀಮಿತವಾಯಿತು.

ರಾಜಾಜಿನಗರ, ವಿಜಯನಗರದ ವಠಾರಗಳಲ್ಲಿ ಹಂಡೆಯ ಒಲೆಗೆ ಜಾಗವಿರಲಿಲ್ಲ. ಆಗ ಕೈಹಿಡಿದದ್ದು ನಡುವೆ ಕೊಳವೆಯಿರುವ ತಾಮ್ರದ ಬಾಯ್ಲರು. ಮೇಲಿನಿಂದ ಇದ್ದಿಲು ಹಾಕಿದರೆ ಕೆಳಗಿನ ನಲ್ಲಿಯಲ್ಲಿ ಬಿಸಿನೀರು. ಕೆಲವರು ಮರದ ಹೊಟ್ಟು ತುಂಬಿದ ಒಲೆಯಲ್ಲಿ ಕಾಯಿಸಿದರು, ಕೆಲವರು ಸೀಮೆಎಣ್ಣೆ ಸ್ಟೋವಿನಲ್ಲಿ. ಆಮೇಲೆ ಬಂತು ಬಕೆಟ್ಟಿನೊಳಗೆ ಇಳಿಬಿಡುವ ಕಾಯ್ಲು. ಅಗ್ಗದ ವಸ್ತು, ಅಪಾಯದ್ದು; ಸ್ವಿಚ್ ಆರಿಸದೆ ನೀರಿಗೆ ಕೈ ಇಟ್ಟವರಿಗೆ ಶಾಕ್ ಕಟ್ಟಿಟ್ಟದ್ದು. ಆದರೂ ಸೌದೆ, ಹೊಗೆ, ಮಸಿ ಮೂರನ್ನೂ ಬಚ್ಚಲಿನಿಂದ ಓಡಿಸಿದ್ದು ಅದೇ.

ನೀರಿನ ಕಡೆ ದೊಡ್ಡ ತಿರುವು ಕಾವೇರಿಯದು. 1964ರಲ್ಲಿ ಜಲಮಂಡಳಿ ಹುಟ್ಟಿತು, 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಊರಿಗೆ ಬಂತು. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಪಂಪು ಮಾಡಿ, ಐನೂರು ಮೀಟರಿನಷ್ಟು ಮೇಲಕ್ಕೆತ್ತಿ ತರುವ ನೀರು ಇದು. ದಿನಬಿಟ್ಟು ದಿನ ಬರುವ ನೀರನ್ನು ಹಿಡಿದಿಡಲು ಮನೆಮನೆಯಲ್ಲೂ ಸಂಪು, ಅದರಿಂದ ತಾರಸಿಯ ಟ್ಯಾಂಕಿಗೆ ಮೋಟರು. ಶವರನ್ನು ಮಧ್ಯಮವರ್ಗದ ಮನೆಗೆ ತಂದದ್ದು ಈ ತಾರಸಿಯ ಟ್ಯಾಂಕು. ಮಂಡಳಿಯ ಕೊಳವೆಯ ಒತ್ತಡವನ್ನು ನಂಬಿ ಇಲ್ಲಿ ಯಾರೂ ಶವರ್ ಹಾಕಿಸಿಕೊಂಡಿಲ್ಲ. ಲಂಡನ್ನಿನಲ್ಲಿ ವಿಲಿಯಂ ಫೀಥಮ್ ಎಂಬಾತ 1767ರಲ್ಲೇ ಶವರಿಗೆ ಪೇಟೆಂಟ್ ಪಡೆದಿದ್ದ. ಅವನ ಯಂತ್ರವೂ ಕೈಪಂಪಿನಿಂದ ತಲೆಯ ಮೇಲಿನ ತೊಟ್ಟಿಗೆ ನೀರೇರಿಸುವಂಥದ್ದೇ.

ಇಲ್ಲೊಂದು ತಮಾಷೆಯಿದೆ. ಹತ್ತು ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು ಒಂದು ಬಾರ್. ಮೂರಂತಸ್ತಿನ ಮನೆಯಲ್ಲಿ ನೆಲಮಹಡಿಯ ಬಾಡಿಗೆದಾರನ ಶವರು ಭರ್ರೆಂದು ಸುರಿಯುತ್ತದೆ. ಬೆಳಕು ಗಾಳಿ ಬೇಕೆಂದು ಮೇಲಿನ ಮಹಡಿ ಇಟ್ಟುಕೊಂಡ ಮಾಲೀಕನ ತಲೆಯ ಮೇಲೆ ಟ್ಯಾಂಕಿಗೂ ಶವರಿಗೂ ಎರಡು ಮೀಟರ್ ಅಂತರವೂ ಇರದೆ ಹನಿಹನಿ ಉದುರುತ್ತದೆ. ಅಂಗಡಿಯಲ್ಲಿ ನೋಡಿ ಮೆಚ್ಚಿ ತಂದ ಅಗಲವಾದ ಮಳೆ-ಶವರು ಅಲ್ಲಿ ಬರೀ ಅಲಂಕಾರ. ಬಕೆಟ್ಟು ಮತ್ತೆ ಹೊರಬರಲು ಮೊದಲ ಕಾರಣವೇ ಇದು. ಎರಡನೆಯದು ಗಡುಸು ನೀರು. ಕೊಳವೆಬಾವಿಯ ಸುಣ್ಣ ಶವರಿನ ತೂತುಗಳನ್ನು ಒಂದೊಂದಾಗಿ ಮುಚ್ಚುತ್ತದೆ, ಗೀಸರಿನ ಕಾಯ್ಲಿಗೆ ಬಿಳಿ ಪದರ ಕಟ್ಟುತ್ತದೆ. ಶವರಿನ ತಲೆಯನ್ನು ಬಿಚ್ಚಿ ವಿನಿಗರಿನಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಸುಣ್ಣ ಕರಗುತ್ತದೆ, ಆದರೆ ಮತ್ತೆ ಕಟ್ಟಿಕೊಳ್ಳುತ್ತದೆ.

ಬಿಸಿಯ ಕಡೆಗೆ ಬೆಂಗಳೂರು ದೇಶಕ್ಕೇ ಮುಂದಿದ್ದ ಒಂದು ಸಂಗತಿ ಸೋಲಾರು. 2007ರಲ್ಲಿ ರಾಜ್ಯ ಸರ್ಕಾರ ಹೊಸ ಮನೆಗಳಿಗೆ ಸೌರ ವಾಟರ್ ಹೀಟರ್ ಕಡ್ಡಾಯ ಮಾಡಿತು. ಅದು ಇದ್ದವರಿಗೆ ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ರಿಯಾಯಿತಿಯೂ ಸಿಕ್ಕಿತು. ನಾಗರಬಾವಿಯ ತಾರಸಿಗಳ ಮೇಲೆ ನಿಂತು ನೋಡಿದರೆ ಸಾಲುಸಾಲು ಗಾಜಿನ ಕೊಳವೆಗಳು. ಬಿಸಿನೀರು ಹೆಚ್ಚುಕಡಿಮೆ ಪುಕ್ಕಟೆಯಾದಾಗ ಶವರಿನ ಹೊತ್ತು ಬೆಳೆಯಿತು. ಜೊತೆಗೆ ಒಂದು ಹೊಸ ಪೋಲು ಹುಟ್ಟಿತು: ತಾರಸಿಯಿಂದ ಕೆಳಗಿನ ಬಾತ್‌ರೂಮಿನವರೆಗೆ ಹದಿನೈದು ಮೀಟರ್ ಕೊಳವೆಯಿದ್ದರೆ ಅದರೊಳಗೆ ತಣ್ಣಗಾಗಿ ನಿಂತ ನಾಲ್ಕು ಲೀಟರಿನಷ್ಟು ನೀರು ಮೊದಲು ಹರಿದುಹೋಗಬೇಕು. ಜಾಣ ಮನೆಯವರು ಅದನ್ನು ಹಿಡಿಯುವುದೂ ಬಕೆಟ್ಟಿನಲ್ಲೇ.

ಇನ್ನು ಟಬ್ಬು. ಅದಕ್ಕೆ 150 ಲೀಟರ್ ಬೇಕು, ದೊಡ್ಡದಾದರೆ 200. ಮಧ್ಯಮ ಕುಟುಂಬಗಳಲ್ಲಿ ಸಾಮಾನ್ಯವಾದ 15 ಲೀಟರಿನ ಗೀಸರು 60 ಡಿಗ್ರಿಗೆ ಕಾಯಿಸಿಟ್ಟರೂ ತಣ್ಣೀರು ಬೆರೆಸಿದಾಗ ಸಿಗುವ ಹದವಾದ ನೀರು ಮೂವತ್ತು ಲೀಟರ್ ಚಿಲ್ಲರೆ. ಟಬ್ಬಿನ ತಳ ನೆನೆಯುತ್ತದೆ, ಅಷ್ಟೇ. ಒಂದು ಟಬ್ ತುಂಬಿಸಲು ಮೂರು ಯೂನಿಟ್ ವಿದ್ಯುತ್ ಬೇಕು. ಒಂದು ಬಕೆಟ್ಟಿಗೆ ಅರ್ಧ ಯೂನಿಟ್ಟೂ ಬೇಡ. ನಮ್ಮ ನೀರಿನ ಲೆಕ್ಕಾಚಾರದ ಮಾನದಂಡ ತಲೆಗೆ ದಿನಕ್ಕೆ 135 ಲೀಟರ್, ಅದರಲ್ಲಿ ಸ್ನಾನದ ಪಾಲು 55. ನಾಲ್ವರು ದಿನವೂ ಒಬ್ಬೊಬ್ಬರಾಗಿ ಟಬ್ ತುಂಬಿಸಿಕೊಂಡರೆ 600 ಲೀಟರ್ ಆಗುತ್ತದೆ, ಇಡೀ ಮನೆಯ ಅಡುಗೆ, ಪಾತ್ರೆ, ಬಟ್ಟೆ, ಪಾಯಿಖಾನೆಗೆಲ್ಲ ಸೇರಿ ಲೆಕ್ಕ ಹಾಕಿದ 540ನ್ನೂ ಮೀರಿ. ಜಪಾನಿನಲ್ಲಿ ಮೈ ತೊಳೆದುಕೊಂಡ ಮೇಲೆ ತೊಟ್ಟಿಗಿಳಿದು, ಅದೇ ನೀರನ್ನು ಮನೆಮಂದಿಯೆಲ್ಲ ಬಳಸುತ್ತಾರೆ. ಎಂಜಲು-ಮೈಲಿಗೆಯ ಎಣಿಕೆಯಿರುವ ನಮ್ಮ ಮನೆಗಳಲ್ಲಿ ಅದು ನಡೆಯುವ ಮಾತಲ್ಲ. ಕೊನೆಗೆ ಟಬ್ಬಿನಲ್ಲಿ ಒಗೆಯುವ ಬಟ್ಟೆ ಕೂಡಿಟ್ಟಿರುವುದನ್ನು ನೋಡಿದರೆ ನನಗೇನೂ ಆಶ್ಚರ್ಯವಾಗುವುದಿಲ್ಲ.

ಜ್ಞಾನಭಾರತಿಯ ಮಟ್ಟಿಗೆ ಈ ಲೆಕ್ಕ ಇನ್ನಷ್ಟು ಬಿಗಿ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯ 1973ರಲ್ಲಿ ಸಾವಿರ ಎಕರೆ ಮೀರಿದ ಈ ಆವರಣಕ್ಕೆ ಬಂದಾಗ ಸುತ್ತಲೂ ಹೊಲ, ಕೆರೆ. ಬಡಾವಣೆಗಳು ಬೆಳೆದಷ್ಟು ವೇಗವಾಗಿ ಕೊಳವೆ ಬರಲಿಲ್ಲ; ಹಲವು ಬೀದಿಗಳು ಕೊಳವೆಬಾವಿ, ಟ್ಯಾಂಕರುಗಳ ಮೇಲೇ ಬದುಕಿದವು. ಪಶ್ಚಿಮದ ಆಸರೆಯಾಗಿದ್ದ ತಿಪ್ಪಗೊಂಡನಹಳ್ಳಿಯ ನೀರು ಕೆಟ್ಟು ಪೂರೈಕೆಯೇ ನಿಂತಿತು. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿದಾಗ ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಬಿತ್ತು. ನಲ್ಲಿಗಳಿಗೆ ಹರಿವು ತಗ್ಗಿಸುವ ಏರೇಟರ್ ಹಾಕಿಸಲು ಜಲಮಂಡಳಿ ವಾಣಿಜ್ಯ ಕಟ್ಟಡಗಳಿಗೆ ಆದೇಶಿಸಿತು. ಆ ಬೇಸಗೆಯಲ್ಲಿ ಶವರಿನ ಹಿಡಿಗಳನ್ನು ಮುಟ್ಟದೆ ಅಳೆದು ಸ್ನಾನ ಮಾಡಿದ ಮನೆಗಳು ಎಷ್ಟೋ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಯಾಯಿತು: ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್. ನೀರು ಹೆಚ್ಚಿತೆಂದು ಟಬ್ಬಿನ ಆಸೆ ಹುಟ್ಟಿದವರು ಒಂದು ನೆನಪಿಡಬೇಕು. ಇಲ್ಲಿ ಮಿಂದ ನೀರೆಲ್ಲ ಇಳಿಯುವುದು ವೃಷಭಾವತಿಯ ಕಣಿವೆಗೆ. ಕೆಂಗೇರಿ, ಬಿಡದಿ ದಾಟಿ ಬೈರಮಂಗಲದ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಸಂಗಮದಲ್ಲಿ ಮತ್ತೆ ಕಾವೇರಿಗೆ.

ಮನೆಯೆಂದ ಮೇಲೆ ಎಲ್ಲರದೂ ಒಂದೇ ಮೈಯಲ್ಲ. ಕೂಸಿಗೆ ನೀರೆರೆಯುವ ಅಜ್ಜಿ ಕಾಲು ಚಾಚಿ ಮಣೆಯ ಮೇಲೆ ಕೂತು, ಕಾಲ ಮೇಲೆ ಮಗುವನ್ನು ಬೋರಲು ಮಲಗಿಸಿಕೊಳ್ಳಬೇಕು. ಬಾಣಂತಿಗೆ ಸೊಂಟಕ್ಕೆ ಬಿಸಿನೀರು ಹೊಯ್ಯಲು ಮತ್ತೊಬ್ಬರು ನಿಲ್ಲಬೇಕು. ಗಾಜಿನ ಗೂಡಿನಂಥ ಶವರ್ ಕ್ಯೂಬಿಕಲ್ಲಿನಲ್ಲಿ ಇಬ್ಬರಿಗೆ ಜಾಗವಿಲ್ಲ. ಮಂಡಿನೋವಿನವರಿಗೆ ಟಬ್ಬಿನ ಅಂಚು ದಾಟುವುದೇ ಕಷ್ಟ, ಬಗ್ಗಿ ಬಕೆಟ್ಟಿನಿಂದ ಮೊಗೆಯುವುದೂ ಕಷ್ಟ. ಅವರಿಗೆ ಕುರ್ಚಿಯ ಮೇಲೆ ಕೂತು ಕೈಯಲ್ಲಿ ಹಿಡಿಯುವ ಶವರೇ ಮೇಲು. ಕಾಲೇಜಿಗೆ ಓಡುವ ಮಗನಿಗೆ ನಿಂತು ಮುಗಿಸುವ ಶವರು ಸರಿ, ಸೋಪು ಹಚ್ಚುವಾಗ ನಲ್ಲಿ ಮುಚ್ಚಿದರೆ. ನಿಮಿಷಕ್ಕೆ ಹತ್ತು ಲೀಟರಿನಂತೆ ಏಳು ನಿಮಿಷ ಬಿಟ್ಟರೆ ಮೂರೂವರೆ ಬಕೆಟ್ಟು. ಯಾವುದನ್ನು ಆರಿಸಿದರೂ ಗ್ಯಾಸ್ ಗೀಸರನ್ನು ಮುಚ್ಚಿದ ಬಾತ್‌ರೂಮಿನೊಳಗೆ ಕೂರಿಸಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರಿಂದ ಸ್ನಾನಕ್ಕೆ ಹೋದವರು ಹೆಣವಾಗಿ ಹೊರಬಂದ ಸುದ್ದಿಗಳನ್ನು ಈ ಊರು ಮತ್ತೆ ಮತ್ತೆ ಓದಿದೆ.

ಟಬ್ಬೋ ಶವರೋ ಎಂದು ಕೇಳಿದರೆ ನನ್ನ ಉತ್ತರ ಕೈಶವರು ಮತ್ತು ಬಕೆಟ್ಟು, ಎರಡೂ. ಟಬ್ಬಿನ ದುಡ್ಡನ್ನು ಜಾರದ ಟೈಲ್ಸಿಗೆ, ಗೋಡೆಯ ಹಿಡಿಕೆಗೆ, ಬಿಸಿನೀರಿನ ಕೊಳವೆಗೆ ಸುತ್ತುವ ಶಾಖನಿರೋಧಕಕ್ಕೆ ಹಾಕಿ. ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ ಪ್ಲಂಬರ್‌ಗೆ ಎರಡು ಮಾತು ಹೇಳಿ: ಬಕೆಟ್ಟು ಹಿಡಿಯುವಷ್ಟು ಎತ್ತರದಲ್ಲಿ ಒಂದು ನಲ್ಲಿ ಇರಲಿ, ಒಂದು ಮಣೆ ಹಾಕಿ ಕಾಲು ಚಾಚುವಷ್ಟು ನೆಲ ಖಾಲಿ ಇರಲಿ.