ಹೆಸರಿಲ್ಲದ ಅಧ್ಯಾಪಕಿ

ಶಕ್ತಿಯನ್ನು ಸೃಷ್ಟಿಸಲಾಗದು, ನಾಶಪಡಿಸಲೂ ಆಗದು ಎಂದು ಮಕ್ಕಳಿಗೆ ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಹಾಗೇಕೆ ಎಂಬುದನ್ನು ಗಣಿತದಿಂದ ತೋರಿಸಿಕೊಟ್ಟವರು ಜರ್ಮನಿಯ ಎಮ್ಮಿ ನೋಥರ್. ಪ್ರಕೃತಿಯ ನಿಯಮಗಳು ನಿನ್ನೆಯಂತೆಯೇ ಇಂದೂ ಇರುವುದರಿಂದ ಶಕ್ತಿ ಅಷ್ಟೇ ಉಳಿಯುತ್ತದೆ. ಇಲ್ಲಿಯಂತೆಯೇ ಅಲ್ಲಿಯೂ ಇರುವುದರಿಂದ ಸಂವೇಗ ಉಳಿಯುತ್ತದೆ. 1918ರಲ್ಲಿ ಪ್ರಕಟವಾದ ಈ ಪ್ರಮೇಯ ಇಂದಿಗೂ ಭೌತವಿಜ್ಞಾನಿಗಳ ಕೈದೀಪ.

ಆಗ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಅವರಿಗೆ ಸಂಬಳವಿರಲಿಲ್ಲ. ಹೆಣ್ಣೆಂಬ ಕಾರಣಕ್ಕೆ 1919ರವರೆಗೆ ಸ್ವಂತ ಹೆಸರಿನಲ್ಲಿ ಪಾಠ ಮಾಡುವ ಹಕ್ಕೂ ಇರಲಿಲ್ಲ. ಪ್ರಕಟಣೆಯಲ್ಲಿ ಹಿಲ್ಬರ್ಟ್ ಅವರ ಹೆಸರು, ಪಾಠ ಇವರದು. 1933ರಲ್ಲಿ ಯಹೂದಿಯೆಂದು ನಾಜಿಗಳು ಕೆಲಸದಿಂದ ತೆಗೆದರು. ಅಮೆರಿಕದ ಬ್ರಿನ್ ಮಾರ್ ಮಹಿಳಾ ಕಾಲೇಜು ಆಶ್ರಯ ಕೊಟ್ಟಿತು. 1935ರಲ್ಲಿ, 53ರ ವಯಸ್ಸಿಗೇ ತೀರಿಕೊಂಡರು.

ಅಂದು ಪ್ರಕಟಣೆಯಲ್ಲಿ ಹಿಲ್ಬರ್ಟ್ ಅವರ ಹೆಸರಿನ ಹಿಂದೆ ಉಳಿದ ಆ ಹೆಸರು ಇಂದು ಭೌತಶಾಸ್ತ್ರದ ಪುಸ್ತಕಗಳಲ್ಲಿದೆ. ನಮ್ಮ ಹುಡುಗಿಯರಿಗೂ ತಿಳಿದಿರಲಿ.