ಹಳ್ಳಿಯಿಂದ ಹೊರಟ ಶಾಸ್ತ್ರ: ಸಮಾಜ ರಚನೆಯ ಅಧ್ಯಯನ ನಡೆದುಬಂದ ದಾರಿ

ಭಾರತದ ಸಮಾಜವನ್ನು ಆಧುನಿಕ ರೀತಿಯಲ್ಲಿ ವರ್ಗೀಕರಿಸಲು ಮೊದಲು ಕೈಹಾಕಿದವರು ವಸಾಹತು ಸರ್ಕಾರದ ಅಧಿಕಾರಿಗಳು. 1830ರಲ್ಲಿ ಚಾರ್ಲ್ಸ್ ಮೆಟ್‌ಕಾಫ್ ಇಲ್ಲಿನ ಹಳ್ಳಿಗಳನ್ನು ಸ್ವಯಂಪೂರ್ಣವಾದ ಪುಟ್ಟ ಗಣರಾಜ್ಯಗಳೆಂದು ಬಣ್ಣಿಸಿದ. 1901ರ ಜನಗಣತಿಯಲ್ಲಿ ಎಚ್.ಎಚ್. ರಿಸ್ಲೆ ಜಾತಿಗಳನ್ನು ಮೇಲುಕೀಳಿನ ಕ್ರಮದಲ್ಲಿ ಜೋಡಿಸಲು ಹೊರಟಾಗ, ತಮ್ಮನ್ನು ಮೇಲಿನ ಸಾಲಿಗೆ ಸೇರಿಸಬೇಕೆಂದು ಜಾತಿ ಸಂಘಗಳು ಅರ್ಜಿ ಹಿಡಿದು ಬಂದವು. ಎಣಿಸುವ ಕೆಲಸವೇ ಜಾತಿಗಳ ಪೈಪೋಟಿಗೆ ಹೊಸ ಕಣವಾಯಿತು.

ಜಾತಿಯ ಒಳಗುಟ್ಟನ್ನು ಬಿಡಿಸಿದ್ದು 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬಿ.ಆರ್. ಅಂಬೇಡ್ಕರ್ ಮಂಡಿಸಿದ ಪ್ರಬಂಧ. ಜನಾಂಗ, ವೃತ್ತಿ, ಮಡಿಮೈಲಿಗೆಗಳಲ್ಲಿ ಜಾತಿಯ ಮೂಲ ಹುಡುಕುತ್ತಿದ್ದ ಕಾಲದಲ್ಲಿ ಅವರು ಸ್ವಜಾತಿ ವಿವಾಹದತ್ತ ಬೆರಳು ತೋರಿದರು. ಗುಂಪಿನೊಳಗೇ ಮದುವೆ ನಡೆಯಬೇಕಾದರೆ ಹೆಣ್ಣಿನ ಬದುಕಿಗೆ ಕಟ್ಟುಪಾಡು ಬೇಕು. ಸತಿ, ಬಾಲ್ಯವಿವಾಹ, ವಿಧವೆಯ ಮರುಮದುವೆಗೆ ನಿಷೇಧ ಇವೆಲ್ಲ ಅಲ್ಲಿಂದಲೇ ಬಂದವು ಎಂಬುದು ಅವರ ವಾದ. ಸಮಾಜಶಾಸ್ತ್ರದ ತರಗತಿಗಳು ಈ ಮಾತಿಗೆ ಕಿವಿಗೊಡಲು ದಶಕಗಳೇ ಬೇಕಾದವು.

1932ರಲ್ಲಿ ಜಾತಿಯ ಬಗ್ಗೆ ಪುಸ್ತಕ ಪ್ರಕಟಿಸಿದ ಬೊಂಬಾಯಿಯ ಜಿ.ಎಸ್. ಘುರ್ಯೆ ಶಾಸ್ತ್ರಗ್ರಂಥಗಳನ್ನು ಹೆಚ್ಚಾಗಿ ನೆಚ್ಚಿದವರು. ಅವರ ಶಿಷ್ಯ, ಮೈಸೂರಿನ ಎಂ.ಎನ್. ಶ್ರೀನಿವಾಸ್, ಗ್ರಂಥ ಬಿಟ್ಟು ಗದ್ದೆಗೆ ಇಳಿದರು. ಕೊಡವರನ್ನು ಕುರಿತ 1952ರ ಕೃತಿಯಲ್ಲಿ ಅವರು 'ಸಂಸ್ಕೃತೀಕರಣ'ವನ್ನು ವಿವರಿಸಿದರು: ಕೆಳಗಿನ ಜಾತಿಯೊಂದು ಮೇಲಿನವರ ಊಟ, ಆಚಾರ, ಪೂಜೆಗಳನ್ನು ತನ್ನದಾಗಿಸಿಕೊಂಡು ಒಂದೆರಡು ತಲೆಮಾರಿನಲ್ಲಿ ಸ್ಥಾನ ಏರಲು ಯತ್ನಿಸುತ್ತದೆ. 1948ರಲ್ಲಿ ಅವರು 'ರಾಂಪುರ'ವೆಂದು ಕರೆದ ಮೈಸೂರು ಸೀಮೆಯ ಹಳ್ಳಿಯಲ್ಲಿ ಬೀಡುಬಿಟ್ಟರು. ಅಲ್ಲಿ ಕಂಡ ಒಕ್ಕಲಿಗ ಯಜಮಾನಿಕೆಯಿಂದ 'ಪ್ರಬಲ ಜಾತಿ'ಯ ಪರಿಕಲ್ಪನೆ ಬೆಳೆಯಿತು. ಜಮೀನು, ಜನಬಲ, ಊರ ನ್ಯಾಯ ಕೈಯಲ್ಲಿದ್ದವರೇ ಊರ ದೊಡ್ಡವರು, ವರ್ಣದ ಲೆಕ್ಕ ಏನೇ ಇರಲಿ.

ಅದೇ 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯನ್ನು ಅಜ್ಞಾನ ಮತ್ತು ಕೋಮುಭಾವದ ಕೊಂಪೆಯೆಂದು ಖಂಡಿಸಿದರು. ಒಬ್ಬರು ಕಂಡದ್ದು ಒಕ್ಕಲಿಗ ಯಜಮಾನರ ಜಗಲಿಯಿಂದ, ಇನ್ನೊಬ್ಬರು ಕಂಡದ್ದು ಊರಾಚೆಯ ಕೇರಿಯಿಂದ. ತಮ್ಮ ನೋಟ ಮೇಲ್ಜಾತಿಯದು ಎಂಬುದನ್ನು 1976ರ 'ದಿ ರಿಮೆಂಬರ್ಡ್ ವಿಲೇಜ್' ಕೃತಿಯಲ್ಲಿ ಶ್ರೀನಿವಾಸರೇ ಒಪ್ಪಿಕೊಂಡರು.

ಆರ್ಥಿಕ ಪ್ರಗತಿಯಿಂದ ಜಾತಿ ಸಡಿಲವಾಗುತ್ತದೆಯೇ? ಈ ಪ್ರಶ್ನೆಗೆ ಮಂಡ್ಯ ಸೀಮೆ ಕೊಟ್ಟ ಉತ್ತರ ಅನಿರೀಕ್ಷಿತವಾಗಿತ್ತು. ಸ್ಕಾರ್ಲೆಟ್ ಎಪ್‌ಸ್ಟೀನ್ 1950ರ ದಶಕದಲ್ಲಿ ಎರಡು ಹಳ್ಳಿಗಳನ್ನು ಅಭ್ಯಸಿಸಿ 1962ರಲ್ಲಿ ಪುಸ್ತಕ ಪ್ರಕಟಿಸಿದರು. ನಾಲೆಯ ನೀರು ಹರಿದ 'ವಂಗಲ'ದಲ್ಲಿ ಕಬ್ಬು, ಭತ್ತ ಬೆಳೆದು ದುಡ್ಡು ಬಂತು. ಆದರೆ ರೈತರು ಮತ್ತು ದಲಿತ ಆಳುಗಳ ನಡುವಿನ ವಂಶಪಾರಂಪರ್ಯದ ಸಂಬಂಧ ಹಾಗೇ ಉಳಿಯಿತು. ನೀರು ಹತ್ತದ 'ದಲೇನ'ದ ರೈತರು ವ್ಯಾಪಾರ, ಗುತ್ತಿಗೆ, ಮಂಡ್ಯದ ನೌಕರಿಗಳಿಗೆ ತಿರುಗಿದರು. ಹಳೆಯ ಕಟ್ಟು ಸಡಿಲಗೊಂಡದ್ದು ಅಲ್ಲಿ. ಹಳೆಯ ಕಸುಬಿನಲ್ಲೇ ಸಿರಿ ಬಂದರೆ ಹಳೆಯ ಸಂಬಂಧಗಳೂ ಗಟ್ಟಿಯಾಗುತ್ತವೆ ಎಂಬುದು ಇಡೀ ಕ್ಷೇತ್ರಕ್ಕೆ ದೊರೆತ ಪಾಠ.

1965ರಲ್ಲಿ ಆಂದ್ರೆ ಬೆತೆಯ್ ತಂಜಾವೂರು ಜಿಲ್ಲೆಯ ಹಳ್ಳಿಯೊಂದನ್ನು ಮುಂದಿಟ್ಟು, ಒಂದೇ ಕೈಯಲ್ಲಿದ್ದ ಜಾತಿ, ವರ್ಗ, ಅಧಿಕಾರಗಳು ಬೇರೆಯಾಗುತ್ತಿವೆ ಎಂದರು. ಮರುವರ್ಷ ಲೂಯಿ ದ್ಯೂಮೋ ಜಾತಿಯ ಜೀವಾಳ ಮಡಿಮೈಲಿಗೆಯ ಶ್ರೇಣಿಯಲ್ಲಿದೆ ಎಂದು ವಾದಿಸಿದರು. ಅದು ಮೇಲಿನವರ ಕಣ್ಣಿನ ಸಿದ್ಧಾಂತ ಎಂಬ ಟೀಕೆ ಇನ್ನೂ ನಿಂತಿಲ್ಲ.

ಎಪ್ಪತ್ತರ ದಶಕದಿಂದ ಚರ್ಚೆಯ ದಿಕ್ಕು ಬದಲಾಯಿತು. ಕರ್ನಾಟಕದಲ್ಲಿ ದೇವರಾಜ ಅರಸರ 1974ರ ಭೂಸುಧಾರಣೆ, ಹಿಂದುಳಿದ ವರ್ಗಗಳನ್ನು ಕುರಿತ 1975ರ ಹಾವನೂರು ವರದಿ, ದಲಿತ ಚಳವಳಿ ಇವು ಸಮಾಜವನ್ನು ಬದಲಿಸಲು ಹೊರಟ ಯತ್ನಗಳು; ಸ್ಥಾನ ಏರುವುದಕ್ಕಿಂತ ಹಕ್ಕು ಕೇಳುವುದು ಮುಖ್ಯವಾಯಿತು. ಲೀಲಾ ದುಬೆ, ಉಮಾ ಚಕ್ರವರ್ತಿ, ಶರ್ಮಿಳಾ ರೇಗೆ ಅವರು ಜಾತಿ ಮತ್ತು ಹೆಣ್ಣಿನ ನಂಟನ್ನು ಎತ್ತಿ ತೋರಿದಾಗ ಅಂಬೇಡ್ಕರರ 1916ರ ವಾದಕ್ಕೆ ಮರುಜೀವ ಬಂತು. ಕ್ಯಾರಲ್ ಉಪಾಧ್ಯ ಅವರು ಬೆಂಗಳೂರಿನ ಐಟಿ ಉದ್ಯೋಗಿಗಳಲ್ಲಿ ನಗರದ ಮೇಲ್ಜಾತಿ, ಮಧ್ಯಮ ವರ್ಗದವರೇ ಹೆಚ್ಚು ಎಂದು ತೋರಿಸಿ 'ಪ್ರತಿಭೆ'ಯ ಮಾತಿನ ಹಿಂದಿನ ಜಾತಿಬಲವನ್ನು ಬಯಲಿಗೆಳೆದರು.

ಸಂಸ್ಕೃತೀಕರಣದಿಂದ ಬದಲಾಗುವುದು ಜಾತಿಯೊಂದರ ಸ್ಥಾನವೇ ಹೊರತು ಇಡೀ ರಚನೆಯಲ್ಲ ಎಂದು ಶ್ರೀನಿವಾಸರು ಹೇಳಿದ್ದರು. ಆ ಎಚ್ಚರ ಇಂದಿಗೂ ಬೇಕು. ಕಸುಬು, ಉಡುಪು, ಊಟ, ಮತದ ಬಲ ಎಲ್ಲವೂ ಬದಲಾಗಿವೆ, ನಿಜ. ಆದರೆ 2011–12ರ ರಾಷ್ಟ್ರಮಟ್ಟದ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ಅಂತರ್ಜಾತಿ ಮದುವೆಗಳು ಶೇ 5ರ ಆಸುಪಾಸಿನಲ್ಲೇ ಇದ್ದವು. ಬದಲಾವಣೆಯನ್ನು ಅಳೆಯಲು ಅಂಬೇಡ್ಕರ್ ಕೊಟ್ಟ ಮಾಪನವೇ ಹೆಚ್ಚು ಕಟ್ಟುನಿಟ್ಟಿನದು. ಆ ಪರೀಕ್ಷೆಯಲ್ಲಿ ಭಾರತೀಯ ಸಮಾಜ ಇನ್ನೂ ಪಾಸಾಗಿಲ್ಲ.